ಪರದೇಶದಲ್ಲಿ ಮಿಷನರಿ ಸೇವೆ: ಮೊದಲ ಹನ್ನೆರಡು ವಾರಕ್ಕೆ ಬೇಕಾದ ತಯಾರಿ

ಪ್ರಶ್ನೆ: ನನಗೆ 19 ವರ್ಷ. ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆಯಿಂದ ಎರಡು ವರ್ಷದ ಮಿಷನರಿ ಸೇವೆಗೆ ಕರೆ ಬಂದಿದೆ. ಹೋಗಬೇಕಿರುವ ದೇಶದ ಭಾಷೆ ಒಂದಕ್ಷರವೂ ಬರುವುದಿಲ್ಲ. ಅಲ್ಲಿ ದಿನ ಹೇಗೆ ಸಾಗುತ್ತದೆ? ಗುರುತು ಪರಿಚಯ ಇಲ್ಲದವರ ಜೊತೆ ಮಾತಿಗಿಳಿಯುವುದು ಹೇಗೆ? ಜೊತೆಗಾರನೊಂದಿಗೆ ಹೊಂದಿಕೆಯಾಗದಿದ್ದರೆ, ಆರೋಗ್ಯ ಕೆಟ್ಟರೆ ಏನು ಮಾಡಬೇಕು? ದೇವರು ನೋಡಿಕೊಳ್ಳುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ, ನನಗೂ ಆ ನಂಬಿಕೆಯಿದೆ. ನನ್ನ ಕಡೆಯಿಂದ ಆಗಬೇಕಾದ್ದೇನು ಎಂಬುದನ್ನು ತಿಳಿಸಿ.

ಉತ್ತರ: ಎರಡು ವರ್ಷದ ಸೇವೆ ಯಾವ ಹದದಲ್ಲಿ ಸಾಗುತ್ತದೆ ಎಂಬುದು ಬಹುಮಟ್ಟಿಗೆ ಮೊದಲ ಹನ್ನೆರಡು ವಾರದಲ್ಲೇ ತೀರ್ಮಾನವಾಗುತ್ತದೆ. ಆ ಅವಧಿಯಲ್ಲಿ ಭಾಷೆ ಮತ್ತು ಸದಾ ನಿಮ್ಮ ಜೊತೆಗಿರುವ ಮಿಷನರಿ ಜೊತೆಗಾರ, ಇವೆರಡಕ್ಕೆ ಕೊಟ್ಟಷ್ಟು ಗಮನವನ್ನು ಬೇರೆ ಯಾವುದಕ್ಕೂ ಕೊಡಬೇಡಿ. ಎಷ್ಟು ಬಾಗಿಲು ತಟ್ಟಿದೆವು, ಜನರಿಗೆ ಎಷ್ಟು ಧರ್ಮಪಾಠ ಹೇಳಿದೆವು ಎಂಬ ಲೆಕ್ಕವನ್ನು ಮೊದಲ ದಿನದಿಂದಲೇ ತಲೆಗೆ ಹಚ್ಚಿಕೊಂಡವರು ಬೇಗ ಸುಸ್ತಾಗುತ್ತಾರೆ. ಭಾಷೆ ಕಲಿತವನಿಗೆ, ಜೊತೆಗಾರನೊಂದಿಗೆ ನೆಮ್ಮದಿಯಾಗಿರುವವನಿಗೆ ಪಾಠಗಳು ತಾವಾಗಿಯೇ ಸಿಗುತ್ತವೆ.

ಮೊದಲು ಚೌಕಟ್ಟು ತಿಳಿದುಕೊಳ್ಳಿ. ಯುವಕರ ಸೇವೆ 24 ತಿಂಗಳು, ಯುವತಿಯರದು 18 ತಿಂಗಳು. ಹೊಸ ಭಾಷೆ ಕಲಿಯಬೇಕಾದವರಿಗೆ ಮಿಷನರಿ ತರಬೇತಿ ಕೇಂದ್ರದ ಅವಧಿ ಸಾಮಾನ್ಯವಾಗಿ ಆರರಿಂದ ಒಂಬತ್ತು ವಾರ. ಭಾಷೆ ಬರುವವರಿಗೆ ಮೂರು ವಾರದ ಆಸುಪಾಸು. ಈಗ ಇದರ ಮೊದಲ ಭಾಗ ಮನೆಯಿಂದಲೇ ಆನ್‌ಲೈನ್‌ನಲ್ಲಿ ನಡೆಯುತ್ತದೆ. ದೇಶ ತಲುಪಿದ ಮೇಲೆ ಮಿಷನ್ ಅಧ್ಯಕ್ಷರು (ಆ ಪ್ರದೇಶದ ಮಿಷನರಿಗಳೆಲ್ಲರ ಮೇಲ್ವಿಚಾರಕರು) ಅನುಭವಿ ಮಿಷನರಿಯೊಬ್ಬರನ್ನು ನಿಮಗೆ ತರಬೇತುದಾರರಾಗಿ, ಜೊತೆಗಾರರಾಗಿ ಕೊಡುತ್ತಾರೆ. ಈ ತರಬೇತಿ ಹನ್ನೆರಡು ವಾರ. ವರ್ಗಾವಣೆಗಳು ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ನಡೆಯುವುದರಿಂದ, ಎರಡು ವರ್ಗಾವಣೆಯ ಅವಧಿ ಎಂದುಕೊಳ್ಳಿ. ಅಲ್ಲಿಂದಾಚೆ ಊರು ಬದಲಾಗಬಹುದು, ಜೊತೆಗಾರ ಬದಲಾಗಬಹುದು, ಎರಡೂ ಒಟ್ಟಿಗೆ ಬದಲಾಗಬಹುದು. ಸೂಟ್‌ಕೇಸಿನಲ್ಲಿ ಹಿಡಿಸದಷ್ಟು ಸಾಮಾನು ಕೂಡಿಹಾಕಬೇಡಿ.

ದಿನ ಬೆಳಿಗ್ಗೆ 6:30ಕ್ಕೆ ಶುರುವಾಗಿ ರಾತ್ರಿ 10:30ಕ್ಕೆ ದೀಪ ಆರಿಸುವಲ್ಲಿಗೆ ಮುಗಿಯುತ್ತದೆ. ಸ್ಥಳೀಯ ಪರಿಸ್ಥಿತಿ ನೋಡಿ ಮಿಷನ್ ಅಧ್ಯಕ್ಷರು ಇದನ್ನು ಸ್ವಲ್ಪ ಆಚೀಚೆ ಮಾಡುತ್ತಾರೆ. ಎದ್ದ ಕೂಡಲೇ ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬೊಬ್ಬರೇ ಕೂತು ಓದುವ ಹೊತ್ತು, ಜೊತೆಗಾರನೊಂದಿಗೆ ಓದುವ ಹೊತ್ತು, ಭಾಷೆ ಕಲಿಯುವವರಿಗೆ ಅದರ ಮೇಲೆ 30ರಿಂದ 60 ನಿಮಿಷ ಭಾಷಾಭ್ಯಾಸ. ಊಟದ ಬಿಡುವು ಬಿಟ್ಟರೆ ಉಳಿದ ಹೊತ್ತೆಲ್ಲ ಹೊರಗೆ. ರಾತ್ರಿ ಒಂಬತ್ತರ ಹೊತ್ತಿಗೆ ಮನೆ. ವಾರದಲ್ಲಿ ಒಂದು ದಿನ ಸಿದ್ಧತೆಯ ದಿನ: ಬಟ್ಟೆ ಒಗೆಯುವುದು, ದಿನಸಿ ತರುವುದು, ಕ್ಷೌರ, ಮನೆಗೆ ಪತ್ರ. ಅದೂ ಸಂಜೆ ಆರರವರೆಗೆ ಮಾತ್ರ, ಆಮೇಲೆ ಮತ್ತೆ ಕೆಲಸ.

ಈ ವೇಳಾಪಟ್ಟಿ ಮೊದಲು ಕುಸಿಯುವುದು ರಾತ್ರಿಯ ಕೊನೆಯಲ್ಲಿ. ಒಂಬತ್ತಕ್ಕೆ ಬಂದು, ಹತ್ತಕ್ಕೆ ಅಡುಗೆ ಹಚ್ಚಿ, ಹನ್ನೊಂದೂವರೆಗೆ ಮಲಗಿದರೆ ಬೆಳಗಿನ ಓದು ತೂಕಡಿಕೆಯಲ್ಲಿ ಹೋಗುತ್ತದೆ. ಓದು ಹೋದರೆ ಭಾಷೆ ಹೋಯಿತು. ಆದ್ದರಿಂದ ರಾತ್ರಿಯ ಅಡುಗೆಯನ್ನು ಮಧ್ಯಾಹ್ನವೇ ಮಾಡಿಟ್ಟುಕೊಳ್ಳಿ, ಮನೆಗೆ ಬಂದಮೇಲೆ ಬಿಸಿ ಮಾಡಿದರೆ ಸಾಕು ಎನ್ನುವಂತಿರಲಿ.

ಮರುದಿನದ ಯೋಜನೆಯನ್ನು ಕೆಲವು ಮಿಷನ್‌ಗಳಲ್ಲಿ ರಾತ್ರಿ ಮಾಡುತ್ತಾರೆ, ಕೆಲವು ಕಡೆ ಬೆಳಿಗ್ಗೆ. ಯಾವಾಗಲಾದರೂ ಸರಿ, ಬರೆಯುವ ರೀತಿ ಮುಖ್ಯ. ‘ಸಂಜೆ, ಸೇತುವೆ ಕಡೆಯ ಮನೆಗಳು’ ಎಂದು ಬರೆದಿಟ್ಟರೆ ಸಂಜೆ ನೀವಿಬ್ಬರೂ ಸೇತುವೆಯ ಮೇಲೆ ನಿಂತು ಈಗೇನು ಮಾಡೋಣ ಎಂದು ಮುಖ ನೋಡಿಕೊಳ್ಳುತ್ತೀರಿ. ಹೀಗೆ ಬರೆಯಿರಿ: ‘4:30, ಸೇತುವೆ ಪಕ್ಕದ ನೀಲಿ ಗೇಟಿನ ಮನೆ. ಸತ್ತವರಿಗಾಗಿ ಪ್ರಾರ್ಥಿಸಬಹುದೇ ಎಂದು ಅಜ್ಜಿ ಕಳೆದ ಸಲ ಕೇಳಿದ್ದರು, ಇಂದು ಅದೊಂದೇ, 20 ನಿಮಿಷ. ಅವರಿಲ್ಲದಿದ್ದರೆ ಹಿಂದಿನ ಬೀದಿಯ ಸಭಾಸದಸ್ಯರ ಮನೆ. ಅವರೂ ಇಲ್ಲದಿದ್ದರೆ ಬಸ್ ನಿಲ್ದಾಣ.’ ಪ್ರತಿ ಭೇಟಿಗೂ ಹೀಗೆ ಎರಡು ಬದಲಿ ದಾರಿ ಇರಲಿ. ಭೇಟಿಗಳು ತಪ್ಪುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು. ಬದಲಿ ಇಲ್ಲದಿದ್ದರೆ ಒಂದು ತಪ್ಪಿದ ಭೇಟಿ ಎರಡು ಗಂಟೆ ತಿನ್ನುತ್ತದೆ.

ಈಗ ಭಾಷೆಯ ವಿಷಯ. ವ್ಯಾಕರಣದ ಪುಸ್ತಕ ಮುಗಿಸಿ ಆಮೇಲೆ ಮಾತಾಡುತ್ತೇನೆ ಎಂದುಕೊಂಡರೆ ಆರು ತಿಂಗಳಾದರೂ ಬಾಯಿ ತೆರೆಯುವುದಿಲ್ಲ. ಕ್ರಮ ಹೀಗಿರಲಿ: ಮೊದಲು ಪ್ರಾರ್ಥನೆ ಮಾಡಲು ಕಲಿಯಿರಿ. ದೇವರನ್ನು ಕರೆಯುವುದು, ಕೃತಜ್ಞತೆ ಹೇಳುವುದು, ಬೇಡುವುದು, ಯೇಸು ಕ್ರಿಸ್ತನ ಹೆಸರಿನಲ್ಲಿ ಮುಗಿಸುವುದು, ಈ ನಾಲ್ಕೇ ತುಂಡು. ದಿನಕ್ಕೆ ಹತ್ತು ಸಲವಾದರೂ ಪ್ರಾರ್ಥಿಸುವ ಕೆಲಸ ಇದು, ಎಲ್ಲವನ್ನೂ ಆ ದೇಶದ ಭಾಷೆಯಲ್ಲೇ ಮಾಡಿದರೆ ವಾಕ್ಯರಚನೆ ನಾಲಿಗೆಗೆ ಕೂರುತ್ತದೆ. ಎರಡನೆಯದಾಗಿ ನಾಲ್ಕೈದು ವಾಕ್ಯದ ನಿಮ್ಮ ಸಾಕ್ಷಿ, ಅಂದರೆ ನೀವು ಏನನ್ನು ನಂಬುತ್ತೀರಿ ಎಂಬ ಮಾತು. ಮೂರನೆಯದಾಗಿ ಬಾಗಿಲಲ್ಲಿ ಹೇಳುವ ಪರಿಚಯ. ಪಾಠಗಳು ಆಮೇಲೆ.

ಚಿಕ್ಕ ನೋಟ್‌ಬುಕ್ ಒಂದು ಅಂಗಿಯ ಜೇಬಿನಲ್ಲಿರಲಿ. ಹೇಳಲು ಹೋಗಿ ತಡವರಿಸಿದ ಮಾತನ್ನು ಅಲ್ಲೇ ಬರೆದುಕೊಳ್ಳಿ. ಮರುದಿನದ ಭಾಷಾಭ್ಯಾಸಕ್ಕೆ ಅದೇ ಪಠ್ಯ. ನಿಘಂಟಿನಿಂದ ಆರಿಸಿದ ಮೂವತ್ತು ಶಬ್ದಕ್ಕಿಂತ ನಿನ್ನೆ ಬೇಕಾಗಿ ಸಿಗದೆ ಹೋದ ಎಂಟು ಶಬ್ದ ಬೇಗ ನೆನಪಿನಲ್ಲಿ ನಿಲ್ಲುತ್ತವೆ. ಆ ಎಂಟನ್ನೂ ವಾಕ್ಯದಲ್ಲಿಟ್ಟು ಅದೇ ದಿನ ಯಾರಿಗಾದರೂ ಹೇಳಿ. ಮಕ್ಕಳು ಮತ್ತು ವಯಸ್ಸಾದವರು ಒಳ್ಳೆಯ ಗುರುಗಳು: ಮಕ್ಕಳು ನಾಚಿಕೆಯಿಲ್ಲದೆ ತಿದ್ದುತ್ತಾರೆ, ಹಿರಿಯರು ನಿಧಾನವಾಗಿ ಮಾತಾಡುತ್ತಾರೆ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಪಾಠವನ್ನು ಉರು ಹೊಡೆದು ಒಪ್ಪಿಸುವುದು. ಕೇಳುವವರು ಮಧ್ಯೆ ಒಂದು ಪ್ರಶ್ನೆ ಹಾಕಿದರೆ ಕಟ್ಟಡವೇ ಬೀಳುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಉರು ಹೊಡೆಯುವುದಾದರೆ ಪ್ರಶ್ನೆಗಳನ್ನು ಉರು ಹೊಡೆಯಿರಿ: ‘ನಿಮಗೇನನ್ನಿಸುತ್ತದೆ?’, ‘ಇನ್ನೊಮ್ಮೆ ನಿಧಾನವಾಗಿ ಹೇಳುತ್ತೀರಾ?’, ‘ಅದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ?’ ಈ ಮೂರು ಗೊತ್ತಿದ್ದರೆ ಯಾವ ಮಾತುಕತೆಯೂ ನಿಲ್ಲುವುದಿಲ್ಲ. ಎರಡನೆಯ ತಪ್ಪು, ಭಾಷೆ ಚೆನ್ನಾಗಿ ಬರುವ ಜೊತೆಗಾರನ ಬೆನ್ನ ಹಿಂದೆ ನಿಲ್ಲುವುದು. ಪ್ರತಿ ಪಾಠದಲ್ಲೂ ನಿಮ್ಮ ಭಾಗ ಯಾವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಮೊದಲ ವಾರ ಪ್ರಾರ್ಥನೆ ಮಾತ್ರ, ಎರಡನೇ ವಾರ ಪ್ರಾರ್ಥನೆಯೊಂದಿಗೆ ಒಂದು ವಚನ ಓದಿ ಒಂದು ಪ್ರಶ್ನೆ, ಹೀಗೆ ಏರುತ್ತಾ ಹೋಗಿ. ಗೌರವದ ರೂಪಗಳನ್ನು ಮಾತ್ರ ಮೊದಲ ದಿನದಿಂದಲೇ ಸರಿಯಾಗಿ ಕಲಿಯಿರಿ. ಕಾಲ, ಲಿಂಗ ತಪ್ಪಿದರೆ ಜನ ಕ್ಷಮಿಸುತ್ತಾರೆ. ಹಿರಿಯರನ್ನು ಏಕವಚನದಲ್ಲಿ ಕರೆದರೆ ಮನೆಯ ಬಾಗಿಲೇ ಮುಚ್ಚೀತು.

ಜನರನ್ನು ಕಾಣುವ ಕೆಲಸಕ್ಕೆ ಬರೋಣ. ಮನೆಮನೆಗೆ ಹೋಗಿ ಬಾಗಿಲು ತಟ್ಟುವುದೇ ಮಿಷನರಿಯ ಕೆಲಸ ಎಂಬ ಕಲ್ಪನೆ ಇದೆ. ಅದು ಒಂದು ಭಾಗ ಮಾತ್ರ. ಸ್ಥಳೀಯ ಸಭಾಸದಸ್ಯರು ಪರಿಚಯಿಸಿದವರ ಜೊತೆಗಿನ ಮಾತು ತಟ್ಟಿದ ಬಾಗಿಲಿಗಿಂತ ಬಹಳ ಮುಂದೆ ಸಾಗುತ್ತದೆ, ಏಕೆಂದರೆ ನೀವು ವರ್ಗವಾಗಿ ಹೋದಮೇಲೂ ಅವರಿಗೆ ಒಬ್ಬ ಸ್ನೇಹಿತ ಅಲ್ಲೇ ಇರುತ್ತಾನೆ. ಆದ್ದರಿಂದ ಪ್ರತಿ ವಾರ ಸದಸ್ಯರ ಮನೆಗಳಿಗೆ ಹೋಗಿ, ಅವರ ಕಷ್ಟಸುಖ ಕೇಳಿ, ಅಂಗಳದ ಕೆಲಸವೋ ಮನೆ ಸಾಗಿಸುವುದೋ ಇದ್ದರೆ ಕೈಜೋಡಿಸಿ. ಪರಿಚಯಿಸಲು ಯಾರಾದರೂ ಇದ್ದಾರೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಬೇಡಿ. ನಿಮ್ಮ ಮೇಲೆ ಭರವಸೆ ಬಂದಮೇಲೆ ಅವರೇ ಹೆಸರು ಹೇಳುತ್ತಾರೆ.

ಬಾಗಿಲಲ್ಲಿ ನಿಂತಾಗ ತಟ್ಟಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ. ಹೆಸರು, ಯಾವ ಸಭೆಯವರು, ಯಾಕೆ ಬಂದಿದ್ದೀರಿ, ಮೂರನ್ನೂ ಮೊದಲ ಎರಡು ವಾಕ್ಯದಲ್ಲೇ ಹೇಳಿಬಿಡಿ. ಸುತ್ತಿ ಬಳಸಿ ಮಾತಾಡಿ ಕೊನೆಗೆ ಧರ್ಮದ ವಿಷಯ ತೆಗೆದರೆ ಮೋಸ ಹೋದಂತೆ ಅನಿಸುತ್ತದೆ, ಅನಿಸುವುದು ನ್ಯಾಯವೂ ಹೌದು. ಬೇಡ ಎಂದರೆ ಧನ್ಯವಾದ ಹೇಳಿ ಹೊರಡಿ, ವಾದಕ್ಕೆ ನಿಲ್ಲಬೇಡಿ. ಒಳಗೆ ಕರೆದರೆ ಯಾರಿದ್ದಾರೆ ನೋಡಿ: ಯುವಕರಿಬ್ಬರು ಒಂಟಿ ಹೆಂಗಸೊಬ್ಬರೇ ಇರುವ ಮನೆಯೊಳಗೆ ಹೋಗುವಂತಿಲ್ಲ, ಮಕ್ಕಳು ಮಾತ್ರ ಇರುವ ಮನೆಗೂ ಇಲ್ಲ. ಮೆಟ್ಟಿಲ ಮೇಲೆಯೇ ಮಾತಾಡಿ, ಇಲ್ಲವೇ ಮನೆಯವರೆಲ್ಲ ಇರುವ ಹೊತ್ತು ಕೇಳಿಕೊಂಡು ಬನ್ನಿ.

ಕೂತ ಕೂಡಲೇ ಅನೇಕ ದೇಶಗಳಲ್ಲಿ ಚಹಾ ಅಥವಾ ಕಾಫಿ ಬರುತ್ತದೆ. ನಮ್ಮ ಸಭೆಯ ಆಹಾರ ಮತ್ತು ಆರೋಗ್ಯದ ನಿಯಮವಾದ ಜ್ಞಾನವಚನದ ಪ್ರಕಾರ ಎರಡೂ ಇಲ್ಲ, ಹಸಿರು ಚಹಾ ಸೇರಿದಂತೆ. ಗಿಡಮೂಲಿಕೆಯ ಕಷಾಯಕ್ಕೆ ಅಡ್ಡಿಯಿಲ್ಲ. ತಟ್ಟೆ ಎದುರಿಗೆ ಬಂದಮೇಲೆ ‘ನಾವು ಕುಡಿಯುವುದಿಲ್ಲ’ ಎಂದರೆ ಮನೆಯಾಕೆಯ ಮುಖ ಸಣ್ಣದಾಗುತ್ತದೆ. ಅಡುಗೆಮನೆ ಕಡೆ ಹೊರಟಾಗಲೇ ‘ಅಮ್ಮ, ಒಂದು ಲೋಟ ನೀರು ಕೊಟ್ಟರೆ ದೊಡ್ಡ ಉಪಕಾರ, ಬಿಸಿಲಲ್ಲಿ ಬಂದೆವು’ ಎನ್ನಿ. ಕೊಡುವ ಸಂತೋಷ ಅವರಿಗೆ ಉಳಿಯುತ್ತದೆ. ಆ ನೀರು ಸುರಕ್ಷಿತವೋ ಅಲ್ಲವೋ ಎಂದು ಅನುಮಾನವಿರುವ ಊರಾದರೆ ನಿಮ್ಮ ಬಾಟಲಿ ತೋರಿಸಿ ‘ನೀರು ತಂದಿದ್ದೇವೆ, ನಿಮ್ಮ ಜೊತೆ ಕೂತು ಕುಡಿಯುತ್ತೇವೆ’ ಎಂದರಾಯಿತು.

ಪಾಠ 30 ನಿಮಿಷ ಮೀರದಿರಲಿ, ಇನ್ನೂ ಚಿಕ್ಕದಾದರೆ ಒಳ್ಳೆಯದು. ಮನೆಯವರು ಕೇಳಿದ ಪ್ರಶ್ನೆಗೆ ಮೊದಲು ಉತ್ತರ, ನಿಮ್ಮ ಸಿದ್ಧ ಪಾಠ ಆಮೇಲೆ. ಮುಗಿಸುವಾಗ ಓದಲು ಒಂದೇ ಒಂದು ಭಾಗ ಹೇಳಿ, ಮುಂದಿನ ಭೇಟಿಯ ದಿನ ಮತ್ತು ಹೊತ್ತನ್ನು ಗೊತ್ತು ಮಾಡಿಕೊಂಡೇ ಏಳಿ. ‘ಮತ್ತೆ ಬರುತ್ತೇವೆ’ ಎಂದು ಬಿಟ್ಟ ಮನೆಗೆ ಮತ್ತೆ ಹೋಗುವುದು ಅಪರೂಪ. ಹೊರಬಂದು ಮುಂದಿನ ತಿರುವು ದಾಟುವ ಮೊದಲೇ ಫೋನಿನ ಆ್ಯಪ್‌ನಲ್ಲಿ ದಾಖಲಿಸಿ: ಯಾರಿದ್ದರು, ಏನು ಹೇಳಿದಿರಿ, ಅವರ ಪ್ರಶ್ನೆ ಏನಿತ್ತು, ಮುಂದಿನ ಭೇಟಿ ಯಾವಾಗ, ಮನೆ ಹುಡುಕುವ ಗುರುತು. ನಿಮ್ಮ ನಂತರ ಬರುವ ಮಿಷನರಿಗೆ ಇದೊಂದೇ ಆಧಾರ. ಮನೆಯವರು ಓದಿದರೂ ನೋಯದಂತಹ ಮಾತನ್ನಷ್ಟೇ ಅಲ್ಲಿ ಬರೆಯಿರಿ. ಅವರ ಕಾಯಿಲೆ, ಸಂಸಾರದ ಜಗಳ, ಸಾಲ ಬರೆಯುವ ಜಾಗ ಅದಲ್ಲ.

ಸಭೆಗೆ ಸೇರುವ ಸಂಸ್ಕಾರವಾದ ದೀಕ್ಷಾಸ್ನಾನದ ವಿಷಯದಲ್ಲಿ ಅವಸರ ಬೇಡವೇ ಬೇಡ. ಆ ವ್ಯಕ್ತಿ ಭಾನುವಾರದ ಆರಾಧನೆಯಾದ ಸಂಸ್ಕಾರ ಸಭೆಗೆ ಹಲವು ಸಲ ಬಂದಿರಬೇಕು, ಕಲಿತದ್ದನ್ನು ಪಾಲಿಸಲು ಶುರು ಮಾಡಿರಬೇಕು. ಅರ್ಹತೆಯ ಸಂದರ್ಶನವನ್ನು ಪಾಠ ಹೇಳಿದವರು ಮಾಡುವಂತಿಲ್ಲ, ಸಾಮಾನ್ಯವಾಗಿ ಜಿಲ್ಲಾ ನಾಯಕ, ಅಂದರೆ ಹತ್ತಿರದ ಕೆಲವು ಮಿಷನರಿಗಳ ಉಸ್ತುವಾರಿ ಹೊತ್ತ ಇನ್ನೊಬ್ಬ ಮಿಷನರಿ ಮಾಡುತ್ತಾನೆ. ಎಂಟು ವರ್ಷಕ್ಕಿಂತ ಚಿಕ್ಕವರಿಗೆ ಇಲ್ಲ, ಅಪ್ರಾಪ್ತರಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಮದುವೆಯಾದವರಿಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆ ಬೇಕು. ವರ್ಗಾವಣೆಗೆ ಮುಂಚೆ ಮುಗಿಸಿಬಿಡೋಣ ಎಂದು ತಳ್ಳಿದ ದೀಕ್ಷಾಸ್ನಾನಗಳಿಂದ ಆ ವ್ಯಕ್ತಿಗೂ ಸ್ಥಳೀಯ ಸಭೆಗೂ ನೋವೇ ಉಳಿಯುತ್ತದೆ. ಹಣ, ಕೆಲಸ, ವೀಸಾ, ಉಚಿತ ಟ್ಯೂಷನ್, ಯಾವ ಆಸೆಯನ್ನೂ ಧರ್ಮದ ಮಾತಿನೊಂದಿಗೆ ಬೆರೆಸಬೇಡಿ.

ದೇಶದ ಕಾನೂನನ್ನು ತರಬೇತಿಯಲ್ಲೇ ಕೇಳಿ ತಿಳಿದುಕೊಳ್ಳಿ. ರಷ್ಯಾದಲ್ಲಿ 2016ರ ಕಾನೂನಿನ ನಂತರ ನಮ್ಮ ಸಭೆಯ ಯುವಜನರನ್ನು ಸ್ವಯಂಸೇವಕರು ಎಂದು ಕರೆಯುತ್ತಾರೆ, ಬೀದಿಯಲ್ಲಿ ಧರ್ಮಪ್ರಚಾರವಿಲ್ಲ. ನೇಪಾಳದ ದಂಡಸಂಹಿತೆ ಮತಾಂತರ ಮಾಡಿಸುವುದನ್ನೇ ಅಪರಾಧವೆಂದು ಹೇಳುತ್ತದೆ. ಗ್ರೀಸ್‌ನ ಸಂವಿಧಾನದಲ್ಲೂ ಮತಪ್ರಚಾರದ ನಿಷೇಧವಿದೆ. ವೀಸಾ ಯಾವ ಕೆಲಸಕ್ಕೆ ಎಂದು ಕೊಟ್ಟಿದೆಯೋ ಅದನ್ನಷ್ಟೇ ಮಾಡಬೇಕು. ಪಾಸ್‌ಪೋರ್ಟಿನ ಪ್ರತಿ ಸದಾ ಬಳಿಯಲ್ಲಿರಲಿ, ಪೊಲೀಸರು ಕೇಳಿದರೆ ಸಮಾಧಾನದಿಂದ ತೋರಿಸಿ, ಮಿಷನ್ ಕಚೇರಿಗೆ ಫೋನ್ ಮಾಡಿ.

ಜೊತೆಗಾರನ ಬಗ್ಗೆ ನಿಮಗಿರುವ ಆತಂಕ ಸಹಜ. ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ, ನಾವು ಹೋಗುವುದೂ ಹಾಗೆಯೇ. ಒಬ್ಬರ ಕಣ್ಣಿಗೆ ಒಬ್ಬರು ಕಾಣುವಷ್ಟು, ಮಾತು ಕೇಳುವಷ್ಟು ಹತ್ತಿರ, ದಿನಪೂರ್ತಿ. ಮಲಗುವುದು ಒಂದೇ ಕೋಣೆಯಲ್ಲಿ, ಬೇರೆ ಬೇರೆ ಮಂಚದಲ್ಲಿ. ಬೇರೆ ದೇಶ, ಬೇರೆ ಮನೆತನದ ಇಬ್ಬರು ಹೀಗಿದ್ದಾಗ ತಿಕ್ಕಾಟ ಬರದೇ ಇರುವುದಿಲ್ಲ. ಹೆಚ್ಚಿನ ಜಗಳ ನಂಬಿಕೆಯ ವಿಷಯಕ್ಕೆ ಬರುವುದಿಲ್ಲ. ತೊಳೆಯದ ಪಾತ್ರೆಗೆ, ಅಲಾರಾಂಗೆ, ಪಾಠದ ಮಧ್ಯೆ ಬಾಯಿ ಹಾಕಿದ್ದಕ್ಕೆ ಬರುತ್ತದೆ. ಮೊದಲ ಸಂಜೆಯೇ ಕೂತು ನಾಲ್ಕು ವಿಷಯ ಇತ್ಯರ್ಥ ಮಾಡಿಕೊಳ್ಳಿ: ಸ್ನಾನಕ್ಕೆ ಮೊದಲು ಯಾರು, ಅಡುಗೆ ಮತ್ತು ಪಾತ್ರೆ ಯಾರದು, ದಿನಸಿ ಖರ್ಚು ಹೇಗೆ ಹಂಚಿಕೆ, ಪಾಠದಲ್ಲಿ ಒಬ್ಬ ತಡವರಿಸಿದಾಗ ಇನ್ನೊಬ್ಬ ಎಷ್ಟು ಹೊತ್ತು ಕಾಯಬೇಕು.

ವಾರಕ್ಕೊಮ್ಮೆ, ವಾರದ ಯೋಜನೆ ಮುಗಿದ ಮೇಲೆ, ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುವ ಪದ್ಧತಿಯಿದೆ. ಬಹಳ ಮಂದಿ ‘ಎಲ್ಲಾ ಚೆನ್ನಾಗಿದೆ’ ಎಂದು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ, ಮೂರನೇ ವಾರಕ್ಕೆ ಎಲ್ಲ ಒಟ್ಟಿಗೆ ಸ್ಫೋಟವಾಗುತ್ತದೆ. ‘ನೀನು ಯಾವಾಗಲೂ ಹೀಗೇ’ ಎನ್ನಬೇಡಿ. ‘ಮಂಗಳವಾರ ನಾನು ಪ್ರಾರ್ಥನೆಯಲ್ಲಿ ತಡವರಿಸಿದಾಗ ನೀನೇ ಮುಗಿಸಿಬಿಟ್ಟೆ, ನನಗೆ ಕಲಿಯಲು ಆಗಲಿಲ್ಲ. ಮುಂದಿನ ಸಲ ನಾನು ನಿನ್ನ ಕಡೆ ನೋಡುವವರೆಗೆ ಕಾಯುತ್ತೀಯಾ?’ ಎನ್ನಿ. ದಿನ, ಸಂಗತಿ, ಬೇಕಾದ್ದು, ಮೂರೂ ಇದರಲ್ಲಿವೆ. ಆಮೇಲೆ ‘ನನ್ನಿಂದ ನಿನಗೇನು ತೊಂದರೆ?’ ಎಂದು ಕೇಳಿ, ಉತ್ತರ ಬಂದಾಗ ಸಮರ್ಥನೆಗೆ ಇಳಿಯದೆ ಕೇಳಿಸಿಕೊಳ್ಳಿ. ಆದರೆ ಹೊಡೆತ, ಬೆದರಿಕೆ, ಜೊತೆಗಾರನನ್ನು ಬಿಟ್ಟು ಒಬ್ಬನೇ ಓಡಾಡುವುದು, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು, ಇವು ಇಬ್ಬರ ನಡುವೆ ಬಗೆಹರಿಸುವ ವಿಷಯಗಳಲ್ಲ. ಅದೇ ಗಳಿಗೆ ಮಿಷನ್ ಅಧ್ಯಕ್ಷರಿಗೆ ಫೋನ್ ಮಾಡಿ. ಅದು ಚಾಡಿಯಲ್ಲ, ಜೊತೆಗಾರನ ಮೇಲಿನ ಕಾಳಜಿ.

ದೇಹದ ವಿಷಯದಲ್ಲಿ ಮಿಷನರಿಗಳನ್ನು ಹೆಚ್ಚಾಗಿ ಕೆಡಿಸುವುದು ನೀರು, ಪಾದ ಮತ್ತು ಸೈಕಲ್. ನಲ್ಲಿ ನೀರು ಸುರಕ್ಷಿತವಲ್ಲದ ಕಡೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದ ಊರಲ್ಲಿ ಮೂರು ನಿಮಿಷ ಕುದಿಸಿ. ಹಲ್ಲುಜ್ಜಲೂ ಅದೇ ನೀರು. ಇದನ್ನು ಮರೆತೇ ಬಹಳ ಮಂದಿ ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಂದಾಜಿನಲ್ಲಿ ಹಾಕಬೇಡಿ. ರಕ್ತ ಕಂಡರೆ, ಜೋರು ಜ್ವರ ಬಂದರೆ, ಕುಡಿದದ್ದು ನಿಲ್ಲದಿದ್ದರೆ ಕಾಯದೆ ತಿಳಿಸಿ. ಸಾಮಾನ್ಯವಾಗಿ ಮಿಷನ್ ಅಧ್ಯಕ್ಷರ ಪತ್ನಿ ಆರೋಗ್ಯದ ವಿಚಾರ ನೋಡಿಕೊಳ್ಳುತ್ತಾರೆ, ಅವರ ಬೆನ್ನಿಗೆ ವೈದ್ಯರಿರುತ್ತಾರೆ. ಸಭೆಯವರು ತಿಂಗಳಿಗೊಮ್ಮೆ ಉಪವಾಸವಿರುವ ಭಾನುವಾರದಂದು ಬಿಸಿಲಿನ ದೇಶದಲ್ಲಿ ದೂರ ಸೈಕಲ್ ತುಳಿಯುವ ಭೇಟಿ ಇಟ್ಟುಕೊಳ್ಳಬೇಡಿ.

ಎರಡು ಜೊತೆ ಶೂ ಇರಲಿ, ದಿನ ಬಿಟ್ಟು ದಿನ ಬದಲಿಸಿ, ಒಳಗಿನ ಬೆವರು ಪೂರ್ತಿ ಆರಲು ಒಂದು ದಿನ ಬೇಕು. ರಾತ್ರಿ ಬೆರಳ ಸಂದು ಒರೆಸಿ ಒಣಗಿಸಿದರೆ ಶಿಲೀಂಧ್ರದ ತುರಿಕೆ ಬರುವುದಿಲ್ಲ. ಹಿಮ್ಮಡಿ ಉಜ್ಜಿ ಬಿಸಿಯಾಗುತ್ತಿದೆ ಅನಿಸಿದಾಗಲೇ ಅಂಟುಪಟ್ಟಿ ಹಾಕಿ, ಗುಳ್ಳೆ ಎದ್ದಮೇಲೆ ಅಲ್ಲ. ಸೈಕಲ್ ಹತ್ತುವ ಮುನ್ನ ಗಾಳಿ, ಎರಡೂ ಬ್ರೇಕ್, ದೀಪ ನೋಡಿ, ಬಲ ಕಾಲಿನ ಪ್ಯಾಂಟಿಗೆ ಪಟ್ಟಿ ಕಟ್ಟಿ, ಇಲ್ಲದಿದ್ದರೆ ಚೈನಿಗೆ ಸಿಕ್ಕಿ ಬೀಳುತ್ತೀರಿ. ಹೆಲ್ಮೆಟ್ ಕಡ್ಡಾಯ. ಈಜುವುದು ನಿಷಿದ್ಧ, ಎಷ್ಟೇ ಸೆಕೆಯಿರಲಿ.

ತಿಂಗಳ ಖರ್ಚಿನ ಹಣ ಕಾರ್ಡಿಗೆ ಬರುತ್ತದೆ, ಬಾಡಿಗೆ ಮಿಷನ್ ಕಚೇರಿಯದು. ಬಂದ ದಿನವೇ ತಿಂಗಳಿಗೆ ನಾಲ್ಕೂವರೆ ವಾರ ಎಂದು ಭಾಗಿಸಿ, ವಾರದ ಪಾಲು ಮೀರಬೇಡಿ.

ಮನಸ್ಸಿನ ಬಗ್ಗೆಯೂ ಹೇಳಬೇಕು. ತಲುಪಿದ ಹೊಸದರಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಹೊಸತನ ಇಳಿದಮೇಲೆ, ಭಾಷೆ ಇನ್ನೂ ಬಾರದಿರುವಾಗ, ಮನೆಯ ನೆನಪು ಕಾಡುತ್ತದೆ. ಸಭೆಯವರು ಇದಕ್ಕೆಂದೇ ಒತ್ತಡವನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಹಂತ ಮಾಡಿದ್ದಾರೆ. ರಾತ್ರಿ ಜೊತೆಗಾರನಿಗೆ ‘ಇವತ್ತು ಹಳದಿ’ ಎಂದು ಒಂದು ಮಾತು ಹೇಳುವ ಅಭ್ಯಾಸವಿರಲಿ. ಹಳದಿಗೆ ನಿದ್ದೆ, ಒಂದು ನಡಿಗೆ, ಸಣ್ಣ ಗುರಿ ಸಾಕು. ಕಿತ್ತಳೆ ಮೂರು ನಾಲ್ಕು ದಿನ ನಿಂತರೆ, ನಿದ್ದೆ ಊಟ ಎರಡೂ ಹೋದರೆ, ಮಿಷನ್ ಅಧ್ಯಕ್ಷರಿಗೆ ಹೇಳಿ, ಆಪ್ತಸಲಹೆಗಾರರನ್ನು ಗೊತ್ತು ಮಾಡಿಕೊಡುತ್ತಾರೆ. ಇದು ನಂಬಿಕೆ ಕಡಿಮೆಯಾದ ಗುರುತಲ್ಲ. ಆರೋಗ್ಯದ ಕಾರಣಕ್ಕೆ ಬೇಗ ಮನೆಗೆ ಬರಬೇಕಾಗಿ ಬಂದವರ ಸೇವೆಯೂ ಪೂರ್ಣ ಸೇವೆಯೇ. ಹಿಂದೆ ವರ್ಷಕ್ಕೆ ಎರಡೇ ಸಲ ಮನೆಗೆ ಫೋನ್ ಮಾಡಲು ಅವಕಾಶವಿತ್ತು. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಸಿದ್ಧತೆಯ ದಿನ ಮಾತಾಡಬಹುದು. ದಿನ, ಹೊತ್ತು, ಅವಧಿ ಮೊದಲೇ ಗೊತ್ತು ಮಾಡಿಕೊಂಡರೆ ಅಪ್ಪ ಅಮ್ಮನೂ ಫೋನ್ ಹಿಡಿದು ಕಾಯುವ ಸಂಕಟ ತಪ್ಪುತ್ತದೆ.

ಹೊರಡಲು ಇನ್ನೂ ವಾರಗಳಿದ್ದರೆ ಮೊದಲು ದಂತವೈದ್ಯರ ಬಳಿ ಹೋಗಿ. ಬುದ್ಧಿಹಲ್ಲಿನ ನೋವು ಪರದೇಶದಲ್ಲಿ ಶುರುವಾದರೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ. ಕನ್ನಡಕ ಹಾಕುವವರಾದರೆ ಎರಡು ಜೊತೆ, ನಂಬರಿನ ಚೀಟಿ ಬೇರೆ. ಲಸಿಕೆಗಳನ್ನು ಕೊನೆಗೆ ತಳ್ಳಬೇಡಿ: ಟೈಫಾಯ್ಡ್ ಚುಚ್ಚುಮದ್ದಿಗೆ ಎರಡು ವಾರ ಮುಂಚೆ ಬೇಕು, ಹಳದಿ ಜ್ವರದ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಊರ್ಜಿತ. ನಿತ್ಯ ತೆಗೆದುಕೊಳ್ಳುವ ಔಷಧಿ ಇದ್ದರೆ ಅದರ ರಾಸಾಯನಿಕ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳಿ, ಕಂಪನಿಯ ಹೆಸರಿನ ಔಷಧಿ ಬೇರೆ ದೇಶದಲ್ಲಿ ಸಿಗದಿರಬಹುದು. ಅಂಗಿಗೆ ಗುಂಡಿ ಹೊಲಿಯುವುದು, ಇಸ್ತ್ರಿ ಮಾಡುವುದು, ಐದು ಬಗೆಯ ಸರಳ ಅಡುಗೆ, ಸೈಕಲ್ ಪಂಕ್ಚರ್ ಹಾಕುವುದು, ಇವನ್ನು ಈ ವಾರವೇ ಮನೆಯಲ್ಲಿ ಒಂದೊಂದಾಗಿ ನಿಮ್ಮ ಕೈಯಿಂದಲೇ ಮಾಡಿ ನೋಡಿ. ಆ ದೇಶದ ಭಾಷೆಯಲ್ಲಿ ಪ್ರಾರ್ಥನೆಯ ಆ ನಾಲ್ಕು ತುಂಡುಗಳನ್ನು ಹೇಳಿಕೊಡುವವರು ಯಾರಾದರೂ ಸಿಕ್ಕರೆ, ಅದನ್ನೂ ಇಂದಿನಿಂದಲೇ ಶುರು ಮಾಡಬಹುದು.